ಮುದ್ದಪ್ಪ ಹೇಳದ ಲೆಕ್ಕ

ಮುದ್ದಪ್ಪನನ್ನು ಏನು ಬೇಕಾದರೂ ಕೇಳಬಹುದಿತ್ತು, ಎಷ್ಟು ಎಂದು ಮಾತ್ರ ಕೇಳಬಾರದಿತ್ತು. ಹಿಂದೊಮ್ಮೆ ಜನಗಣತಿಗೆ ಬಂದ ಮೇಷ್ಟರು, ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದಾಗ, "ಅವ್ರೆ ಸಾ, ದೇವ್ರು ಇಟ್ಟಷ್ಟು. ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಎಂದಿದ್ದ. ಮೇಷ್ಟರು ಮಜ್ಜಿಗೆ ಕುಡಿದು, ಮತ್ತೆ ಕೇಳಿ, ಮತ್ತೆ ಮಜ್ಜಿಗೆ ಕುಡಿದು, ಕೊನೆಗೆ ಗೋಡೆಗೆ ಒರಗಿಸಿದ್ದ ಊಟದ ತಟ್ಟೆಗಳನ್ನು ಎಣಿಸಿಕೊಂಡು ಹೋದರಂತೆ. ಹಟ್ಟಿಯವರು ಇದನ್ನು ಹೇಳಿಕೊಂಡು ಇವತ್ತಿಗೂ ನಗುತ್ತಾರೆ. ಆದರೆ ಯಾರಾದರೂ ಅಧಿಕಾರಿ ಬರುತ್ತಾರೆಂದರೆ ತಮ್ಮ ಮನೆಯ ತಟ್ಟೆಗಳನ್ನು ಒಳಗೆ ಎತ್ತಿಡುತ್ತಾರೆ.

ಹಟ್ಟಿ ಇರುವುದು ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವ ದಾರಿಯಿಂದ ಒಳಗೆ, ರಾಮಗಿರಿಯ ಗುಡ್ಡ ಕಾಣುವಷ್ಟು ದೂರದಲ್ಲಿ. ಸುತ್ತ ಜಾಲಿಮುಳ್ಳಿನ ಬೇಲಿ, ನಡುವೆ ಬೇವಿನ ಮರ, ಪ್ರತಿ ಮನೆಯ ಮಗ್ಗುಲಿಗೂ ಕುರಿ ಕೂಡುವ ರೊಪ್ಪ. ರಾಗಿ, ಜೋಳ ಬೆಳೆದರೂ ಇವರು ಕುರಿಯವರೇ. ಮುದ್ದಪ್ಪ ಹಟ್ಟಿಗೆ ಹಿರಿಯ, ಅವನ ಮಂದೆ ಹಟ್ಟಿಗೆಲ್ಲ ದೊಡ್ಡದು. ಎಷ್ಟು ದೊಡ್ಡದೆಂದು ಹೆಂಡತಿ ಕೆಂಚಕ್ಕನಿಗೂ ಅವನು ಬಾಯಿಬಿಟ್ಟು ಹೇಳಿದವನಲ್ಲ. ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಕರೆಸುವ ಭೀಮಸಮುದ್ರದ ತೋಟದವರು, "ಎಷ್ಟು ಕುರಿ ತರ್ತೀಯಪ್ಪ?" ಎಂದು ಕೇಳಿದರೆ, "ನಿಮಗೂ ಕಣ್ಣವೆ, ಬಂದಾಗ ನೋಡ್ಕಳ್ರಿ" ಎನ್ನುತ್ತಿದ್ದ.

ಇದು ಜಿಪುಣತನವಲ್ಲ, ಕಳ್ಳತನವೂ ಅಲ್ಲ. ಎಣಿಸಿದ ಕುರಿ ನಿಲ್ಲುವುದಿಲ್ಲ ಎಂಬುದು ಹಟ್ಟಿಯ ನಂಬಿಕೆ. ಎಣಿಸಿ ಬಾಯಿಂದ ಹೇಳಿಬಿಟ್ಟರಂತೂ ಮಂದೆಗೆ ತನ್ನವರದ್ದೇ ದೃಷ್ಟಿ ತಾಗುತ್ತದೆ. ಮುದ್ದಪ್ಪ ಚಿಕ್ಕವನಿದ್ದಾಗ ಶಾಲೆಯಲ್ಲಿ ಹೊಸದಾಗಿ ಲೆಕ್ಕ ಕಲಿತ ಹುರುಪಿನಲ್ಲಿ, ಸಂಜೆ ರೊಪ್ಪಕ್ಕೆ ನುಗ್ಗುತ್ತಿದ್ದ ಕುರಿಗಳನ್ನು ಬೆರಳು ಮಾಡಿ ಎಣಿಸಿದ್ದ. ಅದೇ ವಾರ ತೋಳ ಬಂದು ಒಳ್ಳೆಯ ಕುರಿಗಳನ್ನೇ ಆರಿಸಿ ಹರಿದುಹಾಕಿತು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸತ್ತ ಕುರಿಗಳ ಮುಂದೆ ನಿಂತು ಮಗನ ಬೆರಳನ್ನೇ ನೋಡಿದ. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆ ನೋಟ ಮುದ್ದಪ್ಪನಿಗೆ ತಲೆ ನೆರೆತರೂ ಮರೆಯಲಿಲ್ಲ.

ಎಣಿಸದೆ ಕುರಿ ಕಾಯುವುದು ಹೇಗೆ ಎಂದು ಪೇಟೆಯವರು ಕೇಳುತ್ತಾರೆ. ತಾಯಿ ತನ್ನ ಮಕ್ಕಳನ್ನು ಎಣಿಸಿ ಮಲಗಿಸುತ್ತಾಳೆಯೇ? ಮೋಟುಗಿವಿ ಬಂತೆ, ಕರಿಮೂತಿ ಬಂತೆ, ಕುಂಟಿ ಎಲ್ಲಿ ಎಂದು ಮುಖ ನೋಡಿದರೆ ಸಾಕು, ಇಲ್ಲದ್ದು ತಾನಾಗಿ ತಿಳಿಯುತ್ತದೆ.

ಇಂಥವನ ಮಗಳು ಯಶೋದಾ. ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದಿದಳು, ಆಮೇಲೆ ಚಿತ್ರದುರ್ಗ, ಆಮೇಲೆ ದಾವಣಗೆರೆಯ ವಿಶ್ವವಿದ್ಯಾಲಯ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಹಟ್ಟಿಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಓದಿದವರು ಹಟ್ಟಿಯ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದು ನೆರೆಮನೆಯ ಕಾಟಲಿಂಗಪ್ಪನಂಥವರು ಆಡಿಕೊಂಡಿದ್ದರು. ಯಶೋದಾ ಅವರ ಬಾಯಿ ಮುಚ್ಚಿಸಿದಳು. ತನ್ನ ಜೊತೆ ಓದಿದವರನ್ನು, ಈಗ ಓದುತ್ತಿದ್ದವರನ್ನು ಕೂಡಿಸಿಕೊಂಡು ಒಂದು ಬಳಗ ಕಟ್ಟಿದಳು. ಭಾನುವಾರ ಬಂತೆಂದರೆ ಯಾವುದಾದರೂ ಹಟ್ಟಿಗೋ ಹಳ್ಳಿಗೋ ಬಸ್ಸು ಹತ್ತುವುದು. ಹತ್ತನೇ ಕ್ಲಾಸಿನವರಿಗೆ ಗಣಿತ ಹೇಳಿಕೊಡುವುದು, ಮುದುಕರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದು, ಬಾವಿಯ ಹೂಳು ತೆಗೆಯುವುದು. ಬಳಗದಲ್ಲಿ ದೀಪಾ ಎಂಬ ಕನ್ನಡಕದ ಹುಡುಗಿಯೊಬ್ಬಳಿದ್ದಳು, ಹಾಸ್ಟೆಲಿನ ಕಾಲದಿಂದ ಯಶೋದಾಳ ಗೆಳತಿ. "ನಿಮಗೆ ಇದರಿಂದ ಏನು ಸಿಗುತ್ತೆ?" ಎಂದು ಕೆಂಚಕ್ಕ ಅವಳನ್ನು ಕೇಳಿದ್ದಕ್ಕೆ, "ನಿಮ್ಮ ಮುದ್ದೆ ಸಿಗುತ್ತಲ್ಲ ಅಮ್ಮ" ಎಂದು ನಕ್ಕಿದ್ದಳು.

ಯಶೋದಾ ಮಾತ್ರ ನಗುತ್ತಿರಲಿಲ್ಲ. "ನಾನು ಹಾಸ್ಟೆಲಿಗೆ ಹೋಗುವಾಗ ಚಿಕ್ಕವ್ವ ಬಸ್‌ಸ್ಟಾಪಿನವರೆಗೂ ನನ್ನ ಪೆಟ್ಟಿಗೆ ಹೊತ್ತು ಬರ್ತಿದ್ಲು. ಅದನ್ನ ನಾನು ತೀರಿಸೋದು ಯಾವಾಗ?" ಎನ್ನುತ್ತಿದ್ದಳು.

ಚಿಕ್ಕವ್ವ ಎಂದರೆ ಚಿತ್ತಮ್ಮ, ಮುದ್ದಪ್ಪನ ತಮ್ಮ ಜುಂಜಯ್ಯನ ಹೆಂಡತಿ. ಜುಂಜಯ್ಯ ಸಿಡಿಲು ಬಡಿದು ತೀರಿಕೊಂಡ. ಮಕ್ಕಳಿಲ್ಲ. ತವರಿಗೆ ಬಾ ಎಂದು ಅಣ್ಣಂದಿರು ಕರೆದರೂ ಚಿತ್ತಮ್ಮ ಹೋಗಲಿಲ್ಲ, ಗಂಡನ ಕುರಿಗಳನ್ನು ಅಟ್ಟಿಕೊಂಡು ತಾನೇ ಗುಡ್ಡಕ್ಕೆ ನಡೆದಳು. ಸಣ್ಣ ಮಂದೆ. ಆದರೆ ಅವಳಿಗೆ ಗಂಡ, ಮಕ್ಕಳು, ಮಾತುಕತೆ ಎಲ್ಲ ಅದೇ. ಯಶೋದಾ ಹಟ್ಟಿಗೆ ಬಂದರೆ ಅವಳ ಮನೆಯಲ್ಲೇ ಮಲಗುತ್ತಿದ್ದಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹಿರಿಯೂರಿನ ಕಡೆಯಿಂದ ಕೆಟ್ಟ ಸುದ್ದಿ ಬಂತು. ಅಲ್ಲಿ ಕುರಿಗಳಿಗೆ ಹಿರೇಬೇನೆ ಬಿದ್ದಿದೆ, ರೊಪ್ಪಗಳು ಖಾಲಿಯಾಗುತ್ತಿವೆ ಎಂದು. ಹಿರೇಬೇನೆ ಬಂತೆಂದರೆ ಮೂಗು, ಕಣ್ಣು ಸೋರಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ, ಕುರಿ ನಿಂತಲ್ಲೇ ಕುಸಿಯುತ್ತದೆ. ಬಂದ ಮೇಲೆ ಮದ್ದಿಲ್ಲ. ಬರುವ ಮೊದಲು ಚುಚ್ಚಿಸಿದರೆ ಬರುವುದಿಲ್ಲ. ಯಶೋದಾ ಪಶುವೈದ್ಯರ ಬೆನ್ನು ಬಿದ್ದಳು. ಅವರು ಒಳ್ಳೆಯವರು, ಭಾನುವಾರವಾದರೂ ಬರಲು ಒಪ್ಪಿದರು. ಆದರೆ ಒಂದು ಮಾತು ಹೇಳಿದರು: "ಎಲ್ಲ ಕಡೆ ಲಸಿಕೆಗೆ ಬೇಡಿಕೆ ಇದೆಯಮ್ಮ. ಸೀಸೆ ಬಿಚ್ಚಿ ನೀರು ಬೆರೆಸಿದರೆ ಹೆಚ್ಚು ಹೊತ್ತು ಇಡುವ ಹಾಗೂ ಇಲ್ಲ. ನಿಮ್ಮ ಹಟ್ಟಿಯಲ್ಲಿ ಕುರಿ ಎಷ್ಟಿವೆ ಅಂತ ಸರಿಯಾಗಿ ಹೇಳಿ, ಅಷ್ಟಕ್ಕೆ ತರ್ತೀನಿ."

ಎಷ್ಟು ಎಂಬ ಮಾತು ಹೀಗೆ ಹಟ್ಟಿಯೊಳಗೆ ಬಂತು.

ಯಶೋದಾ ಹಟ್ಟಿಯಲ್ಲೇ ಹುಟ್ಟಿದವಳು. ಮನೆಮನೆಗೆ ಹೋಗಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಅವಳು ಒಂದು ಉಪಾಯ ಮಾಡಿದಳು. ಮೊದಲು ಅಪ್ಪನನ್ನು ಕೇಳುವುದು. ಅಪ್ಪ ಹೇಳಿದ್ದನ್ನು ಅವನ ಮಂದೆಯ ಗಾತ್ರದ ಜೊತೆ ತಾಳೆ ಹಾಕಿ, ಉಳಿದವರ ಮಂದೆಗಳನ್ನು ಅದೇ ಅಂದಾಜಿನಲ್ಲಿ ಅಳೆಯುವುದು. ಬೇರೆಯವರು ಸುಳ್ಳು ಹೇಳಿದರೂ ಅಪ್ಪ ತನಗೆ ಸುಳ್ಳು ಹೇಳಲಾರ ಎಂದುಕೊಂಡಿದ್ದಳು. ಪಾಪ, ಓದಿದ ಹುಡುಗಿ.

ಬೆಳಗ್ಗೆ ಮುದ್ದಪ್ಪ ರೊಪ್ಪದ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ. ಮಗಳು ಹತ್ತಿರ ಬಂದು ದನಿ ತಗ್ಗಿಸಿದಳು.

"ಅಪ್ಪ, ಬೇರೆ ಯಾರಿಗೂ ಬ್ಯಾಡ. ನನಗೊಬ್ಬಳಿಗೆ ಹೇಳು. ನಮ್ಮವು ಎಷ್ಟವೆ?"

ಕೇಳಿದವರು ಬೇರೆ ಯಾರಾದರೂ ಆಗಿದ್ದರೆ ಮುದ್ದಪ್ಪ ಮಾತು ಹಾರಿಸುತ್ತಿದ್ದ. ಮಗಳು ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಾಳೆ. ಅವನು ಮನಸ್ಸಿನಲ್ಲೇ ಮಂದೆಯ ಮುಖಗಳನ್ನು ನೋಡಿದ. ದೇವರಿಗೆ ಬಿಟ್ಟವು ತನ್ನವಲ್ಲ, ಅವನ್ನು ಬಿಟ್ಟ. ಮಗಳ ಮದುವೆಗೆ ಬಳುವಳಿ ಕೊಡಲು ಸಾಕುತ್ತಿದ್ದವು ಮಗಳವು, ಅವನ್ನೂ ಬಿಟ್ಟ. ಮೊಲೆ ಬಿಡದ ಮರಿಗಳು ಇನ್ನೂ ತಾಯಿಯವು. ಹೀಗೆ ಬಿಡುತ್ತಾ ಬಿಡುತ್ತಾ ಉಳಿದದ್ದನ್ನು ಅವಳ ಕಿವಿಯಲ್ಲಿ ಹೇಳಿದ. ಹೇಳಿದ ಮೇಲೆ ಮೂರು ಸಲ ನೆಲಕ್ಕೆ ಉಗಿದ. ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಮಂದೆಯನ್ನೂ ಉಳಿಸಿಕೊಂಡೆ, ಮಗಳ ಮಾತನ್ನೂ ಉಳಿಸಿದೆ ಎಂದೇ ಅನ್ನಿಸಿತು.

ಯಶೋದಾಳ ಮುಖ ಅರಳಿತು. ಮಂದೆ ಇಷ್ಟೇ ಇರುವುದಾ, ಕಣ್ಣಿಗೆ ಹೆಚ್ಚು ಕಾಣುತ್ತದಲ್ಲ ಎಂದು ಒಂದು ಗಳಿಗೆ ಅಂದುಕೊಂಡಳು. ಆದರೆ ಅಪ್ಪ ಬಾಯಿಬಿಟ್ಟು ಹೇಳಿದ್ದೇ ದೊಡ್ಡದು. ಅದೇ ಅಳತೆಯಲ್ಲಿ ಉಳಿದ ಮನೆಗಳದ್ದನ್ನೂ ಅಂದಾಜು ಮಾಡಿ, ಇರಲಿ ಎಂದು ಸ್ವಲ್ಪ ಮೇಲಕ್ಕೆ ಹಾಕಿ ಡಾಕ್ಟರಿಗೆ ಫೋನು ಮಾಡಿದಳು.

ಫೋನಿಗೆ ಮೊದಲು ಅವಳು ಚಿಕ್ಕವ್ವನನ್ನೂ ಕೇಳಿದ್ದಳು. ಇಡೀ ಹಟ್ಟಿಯಲ್ಲಿ ನಿಜ ಹೇಳಿದವಳು ಚಿತ್ತಮ್ಮ ಒಬ್ಬಳೇ. ಹುಣಸೆ ಬೀಜ ತಂದು, ಒಂದೊಂದು ಕುರಿಯ ಹೆಸರು ಹೇಳಿ ಒಂದೊಂದು ಬೀಜ ಇಟ್ಟಳು. "ಯಾರಿಗೂ ಹೇಳಿದವಳಲ್ಲ ಕಣವ್ವ. ನೀನು ಕೇಳ್ದೆ ಅಂತ ಹೇಳ್ತೀನಿ. ನೀನು ಓದಿದವಳು, ನಮ್ಮ ಒಳ್ಳೇದಕ್ಕೇ ಕೇಳ್ತೀಯ" ಎಂದಳು. ಈ ಸುದ್ದಿ ಬೇಲಿಯಾಚೆಗೂ ಕೇಳಿಸಿತು. ಚಿತ್ತಮ್ಮ ಲೆಕ್ಕ ಹೇಳಿಬಿಟ್ಟಳಂತೆ ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಆ ಭಾನುವಾರ ಹಟ್ಟಿಯಲ್ಲಿ ಹಬ್ಬದ ಗದ್ದಲ. ಬೇವಿನ ಮರದಡಿ ಡಾಕ್ಟರು, ಮಂಜುಗಡ್ಡೆಯ ಡಬ್ಬ, ಸೂಜಿಗಳು. ಬಳಗದ ಹುಡುಗರು, ಹುಡುಗಿಯರು ಕುರಿ ಹಿಡಿಯಲು ಹೋದರೆ ಕುರಿಯೇ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ದೀಪಾಳ ಕನ್ನಡಕವನ್ನು ಟಗರೊಂದು ತುಳಿದುಹಾಕಿತು. "ಲೇ, ಅದರ ಕಿವಿ ಹಿಡೀಬ್ಯಾಡ, ದವಡೆ ಹಿಡಿ!" ಎಂದು ಕಾಟಲಿಂಗಪ್ಪ ಕೂಗುತ್ತಿದ್ದ. ಚುಚ್ಚಿಸಿಕೊಂಡ ಕುರಿಯ ತಲೆಗೆ ಕೆಂಪು ಬಣ್ಣ ಹಚ್ಚಿ ಬಿಡುತ್ತಿದ್ದರು. ಹಿರಿಯನೆಂದು ಮುದ್ದಪ್ಪನ ಮಂದೆಯೇ ಮೊದಲು.

ತಾನು ಹೇಳಿದಷ್ಟು ಮುಗಿದ ಮೇಲೂ ಮಂದೆ ಬರುತ್ತಲೇ ಇತ್ತು. ದೇವರವು ಬಂದವು, ಬಳುವಳಿಯವು ಬಂದವು. ಮಗಳು ಒಮ್ಮೆ ತಲೆಯೆತ್ತಿ ಅಪ್ಪನನ್ನು ನೋಡಿದಳು. ಮುದ್ದಪ್ಪ ಗುಡ್ಡದ ಕಡೆ ನೋಡಿದ. ಆಗ "ಇಷ್ಟು ಸಾಕು, ಉಳಿದವು ಆಮೇಲೆ" ಎಂದು ಅವನು ಅಂದಿದ್ದರೆ ಆಗಿತ್ತು. ಅವನಿಗೆ ಅದು ಹೊಳೆಯದೆ ಇರಲಿಲ್ಲ. ಆದರೆ ಯಾರ ಕೊರಳನ್ನು ಹಿಂದಕ್ಕೆ ಹಿಡಿಯುವುದು, ಕರಿಮೂತಿಯದೋ, ಕುಂಟಿಯದೋ? ಡಬ್ಬದಲ್ಲಿ ಇನ್ನೂ ಇರಬೇಕು, ಡಾಕ್ಟರು ಹೆಚ್ಚಿಗೆ ತಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅವನ ನಂತರ ಸರದಿ ಬಂದ ಮನೆಗಳವರೂ ಹಾಗೆಯೇ ಹೇಳಿಕೊಂಡಿರಬೇಕು.

ಚಿತ್ತಮ್ಮನ ಮನೆ ಹಟ್ಟಿಯ ಕೊನೆಗೆ. ಅವಳ ಸರದಿ ಬರುವಾಗ ಸೀಸೆಗಳೆಲ್ಲ ಬರಿದಾಗಿದ್ದವು. ಡಾಕ್ಟರು ಯಶೋದಾಳ ಮೇಲೆ ಸಿಡುಕಿದರು, ಲೆಕ್ಕ ಹೀಗಾ ಕೊಡೋದು ಎಂದು. ಅವಳು ತಲೆ ತಗ್ಗಿಸಿ ನಿಂತಳು, ಅಪ್ಪನ ಹೆಸರು ಹೇಳಲಿಲ್ಲ. ಚಿತ್ತಮ್ಮನೇ ಸಮಾಧಾನ ಮಾಡಿದಳು: "ಬೈಯಬ್ಯಾಡ್ರಿ ಸಾ, ಕೂಸು ಬೆಳಗ್ಗಿಂದ ಏನೂ ತಿಂದಿಲ್ಲ. ನಮ್ಮವು ಮುಂದಿನ ಸಲ ಆಗ್ಲಿ ಬಿಡ್ರಿ. ಎಲ್ಲಿಗೆ ಓಡೋಗ್ತವೆ?"

ಮುಂದಿನ ಭಾನುವಾರ ಲಸಿಕೆ ಸಿಗಲಿಲ್ಲ. ಹಿರಿಯೂರು ಕಡೆಗೇ ಎಲ್ಲ ಹೋಗಿತ್ತು. ಯಶೋದಾ ದಿನಾ ಫೋನು ಮಾಡಿದಳು, ಆಸ್ಪತ್ರೆಯ ಬಾಗಿಲಲ್ಲಿ ಕೂತಳು. ಡಬ್ಬದಲ್ಲಿ ಲಸಿಕೆ ಇಟ್ಟುಕೊಂಡು ಅವಳು ಬಸ್ಸಿಳಿದ ದಿನ ಚಿತ್ತಮ್ಮನ ರೊಪ್ಪದಲ್ಲಿ ಮೊದಲ ಕುರಿ ಮೂಗು ಸುರಿಸುತ್ತಾ ಮೂಲೆಗೆ ನಿಂತಿತ್ತು.

ಆಮೇಲಿನದು ಹೇಳಲು ಸಂಕಟವಾಗುತ್ತದೆ. ಚಿತ್ತಮ್ಮ ಗಂಜಿ ಕಾಯಿಸಿ ಒಂದೊಂದರ ಬಾಯಿಗೂ ಹುಯ್ದಳು. ಹುಣ್ಣಾದ ಬಾಯಿಗಳಿಗೆ ಬೆಣ್ಣೆ ಸವರಿದಳು. ಅವು ಅವಳ ಸೆರಗಿಗೆ ಮುಖ ಒರಗಿಸಿ ಸತ್ತವು. ಬಳಗದ ಹುಡುಗರು ಬಂದರು. ಪಾಠ ಹೇಳಲು ಬರುತ್ತಿದ್ದವರು ಈಗ ಗುದ್ದಲಿ ಹಿಡಿದು ಬಂದರು, ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಕೈಯೆಲ್ಲ ಬೊಬ್ಬೆ ಎದ್ದರೂ ದೀಪಾ ಗುದ್ದಲಿ ಬಿಡಲಿಲ್ಲ. ಅಳುತ್ತಲೇ ಅಗೆದಳು. ಹಟ್ಟಿಯ ಬೇರೆ ಯಾರ ಕುರಿಯೂ ಕೆಮ್ಮಲಿಲ್ಲ.

ಕೆಂಪು ಬಣ್ಣದವು ಉಳಿದವು, ಬಣ್ಣವಿಲ್ಲದವು ಹೋದವು. ಕಣ್ಣಿದ್ದವರಿಗೆ ಇಷ್ಟು ಸಾಕಿತ್ತು. ಆದರೆ ಹಟ್ಟಿ ಕಂಡದ್ದೇ ಬೇರೆ. ಹೆಣ ಹೊತ್ತು ಮುಗಿಸಿ ಕೈ ತೊಳೆಯುತ್ತಾ ಕಾಟಲಿಂಗಪ್ಪ ಅದನ್ನು ಬಾಯಿಬಿಟ್ಟು ಅಂದ: "ಲೆಕ್ಕ ಹೇಳ್ದೋರದ್ದು ಹೋದ್ವು, ಹೇಳದೋರದ್ದು ಉಳಿದ್ವು. ಇನ್ನೇನು ಬೇಕು?" ಯಾರೂ ಎದುರಾಡಲಿಲ್ಲ. ಮುದ್ದಪ್ಪನೂ ಆಡಲಿಲ್ಲ. ಆ ಮಾತು ಕೇಳಿದಾಗ ಅವನಿಗೆ ಒಂದು ಕ್ಷಣ ಹಗುರವೇ ಆಯಿತು, ಆ ಹಗುರಕ್ಕೆ ತಕ್ಷಣ ನಾಚಿಕೆಯೂ ಆಯಿತು.

ಎಣಿಸುವ ಈ ಪೇಟೆಯ ಮಕ್ಕಳು ಇನ್ನು ಬೇಲಿ ದಾಟಿ ಬರುವುದು ಬೇಡ ಎಂದು ಹಟ್ಟಿ ಹೇಳಿ ಕಳಿಸಿತು. ಬಳಗ ಬೇರೆ ಊರುಗಳಿಗೆ ಹೋಯಿತು. ಯಶೋದಾ ಅದರ ಜೊತೆಗೂ ಹೋಗದೆ ಚಿತ್ರದುರ್ಗದ ಬಾಡಿಗೆ ಕೋಣೆಯಲ್ಲೇ ಉಳಿದಳು.

ಮಂದೆ ಕಳೆದುಕೊಂಡವರಿಗೆ ಮನೆಗೊಂದು ಹೆಣ್ಣುಮರಿ ಕೊಡುವುದು ಹಟ್ಟಿಯ ಪದ್ಧತಿ. ಮರಿಗಳನ್ನು ತಂದು ಚಿತ್ತಮ್ಮನ ಬಾಗಿಲಲ್ಲಿ ಕಟ್ಟಿದರು. ಅವಳು ಹೊರಗೆ ಬಂದು ಒಂದೊಂದರ ಹಗ್ಗವನ್ನೂ ಬಿಚ್ಚಿ ಅವರವರ ಕೈಗೇ ಕೊಟ್ಟಳು. "ನನ್ನ ಕೈಗೆ ಕೊಡಬ್ಯಾಡ್ರಿ. ಇದು ಎಣಿಸಿದ ಕೈ. ನನ್ನ ನಾಲಿಗೇನೇ ನನ್ನ ಕುರಿ ತಿಂತು" ಎಂದಳು. ಬೇಡವೆಂದವಳು ಮರುದಿನದಿಂದ ಈರುಳ್ಳಿ ಹೊಲಗಳಿಗೆ ಕಳೆ ಕೀಳಲು ಹೋಗತೊಡಗಿದಳು. ಗುಡ್ಡದ ಕಡೆ ಮಂದೆ ಹೊರಡುವ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದಳು.

ಯಶೋದಾ ಒಮ್ಮೆ ಬಂದಳು. ರಸ್ತೆಯಲ್ಲೇ ನಿಂತು ಅಪ್ಪನನ್ನು ಕರೆಸಿದಳು.

"ನನಗೆ ಸುಳ್ಳು ಹೇಳಿದ್ದಕ್ಕೆ ನಾನೇನೂ ಕೇಳಲ್ಲಪ್ಪ. ಆ ಸಿಟ್ಟು ನನ್ನದು, ನಾನೇ ಇಟ್ಕಂತೀನಿ. ಚಿಕ್ಕವ್ವ ತಾನೇ ಕೊಂದೆ ಅಂತ ಕುಂತವಳೆ. ನಾನು ಎಷ್ಟು ಹೇಳಿದ್ರೂ, ನನ್ನ ಸಮಾಧಾನಕ್ಕೆ ಹೇಳ್ತೀಯ ಅಂತಾಳೆ. ನೀನು ಹೋಗಿ ಹೇಳು. ನಾವು ಮುಚ್ಚಿಟ್ಟಿದ್ದಕ್ಕೆ ನಿನ್ನವು ಸತ್ವು ಅಂತ, ಲೆಕ್ಕದ ಸಮೇತ ಹೇಳು. ನೀನು ಬಾಯಿಬಿಟ್ಟು ಲೆಕ್ಕ ಹೇಳಿದ್ರೆ ಮಾತ್ರ ನಂಬ್ತಾಳೆ. ನಂಬಿದ್ರೆ ಮತ್ತೆ ಮರಿ ಕಟ್ತಾಳೆ, ಬದುಕ್ತಾಳೆ. ಇಲ್ಲಾಂದ್ರೆ ಹಿಂಗೇ ಸವೆದು ಹೋಗ್ತಾಳೆ."

ಮುದ್ದಪ್ಪ ಹೂಂ ಎಂದ. ಹೂಂ ಎಂದು ದಿನ ದೂಡಿದ. ಎಣಿಸಿ ಹೇಳಿದರೆ ಮಂದೆ ಹೋಗುತ್ತದೆ ಎಂಬ ಭಯ ಅವನಲ್ಲಿ ಹೋಗಿರಲಿಲ್ಲ. ಮಗಳ ಓದೂ ನಿಜ, ತನ್ನ ಅಪ್ಪನ ಆ ನೋಟವೂ ನಿಜ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಅವನು ಅನ್ನ ಬಿಟ್ಟ. ಕೆಂಚಕ್ಕ ಜ್ವರವೆಂದುಕೊಂಡು ಕಷಾಯ ಕೊಟ್ಟಳು. ದಿನವೂ ಬಾಗಿಲು ಹಾಕುವ ಆ ಮನೆಯ ಮುಂದೆಯೇ ಮಂದೆ ಹೊಡೆದುಕೊಂಡು ಹೋಗಬೇಕಲ್ಲ. ಒಂದು ಬೆಳಗ್ಗೆ ಅವನಿಗೆ ತಡೆಯಲಾಗಲಿಲ್ಲ. ಹೋದರೆ ಹೋಗಲಿ ಎಂದುಕೊಂಡ. ರೊಪ್ಪದೊಳಗೆ ನಿಂತು, ದೇವರವು, ಬಳುವಳಿಯವು, ಮರಿಗಳು, ಯಾವುದನ್ನೂ ಬಿಡದೆ, ಒಂದೊಂದರ ಬೆನ್ನು ಮುಟ್ಟಿ ಎಣಿಸಿದ. ಎಣಿಸಿ ಮುಗಿಸುವಾಗ ಅವನ ಬೆನ್ನೆಲ್ಲ ಬೆವತಿತ್ತು. ಕರಿಮೂತಿಯ ಹೆಣ್ಣುಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ತಮ್ಮನ ಮನೆಗೆ ನಡೆದ.

ಚಿತ್ತಮ್ಮ ಹೊಲಕ್ಕೆ ಹೊರಡಲು ತಲೆಗೆ ಬಟ್ಟೆ ಸುತ್ತುತ್ತಿದ್ದಳು. ಭಾವನನ್ನು ಕಂಡು ಬಾಗಿಲ ಮರೆಗೆ ಸರಿದಳು.

"ಚಿತ್ತಮ್ಮ, ಒಂದು ಮಾತೈತೆ," ಎಂದ ಮುದ್ದಪ್ಪ. "ನೀನು ಏನೂ ತಪ್ಪು ಮಾಡಿಲ್ಲ. ಯಶೋದಾ ಕೇಳಿದಾಗ ನಾನು ಸುಳ್ಳು ಹೇಳ್ದೆ. ನಿನ್ನ ಪಾಲಿನ ಸೂಜಿ ನನ್ನ ಕುರಿಗೆ ಬಿತ್ತು. ಈಗ ಎಲ್ಲಾ ಎಣಿಸ್ಕಂಡೇ ಬಂದೀನಿ, ಕೇಳು. ಅವತ್ತು ನಾನು ಮುಚ್ಚಿಟ್ಟಿದ್ದು..."

ಅವನ ಬಾಯಿಂದ ಅಂಕಿ ಹೊರಡುವ ಮೊದಲೇ ಚಿತ್ತಮ್ಮ ಬಾಗಿಲ ಮರೆಯಿಂದ ನುಗ್ಗಿ ಬಂದು ಅಂಗೈಯಿಂದ ಅವನ ಬಾಯಿ ಮುಚ್ಚಿದಳು. ತಮ್ಮನ ಹೆಂಡತಿ ಭಾವನನ್ನು ಮುಟ್ಟುವುದು ಹಟ್ಟಿಯಲ್ಲಿ ಇಲ್ಲವೇ ಇಲ್ಲ. ಅವಳ ಕೈಯಿಂದ ಈರುಳ್ಳಿ ವಾಸನೆ ಬರುತ್ತಿತ್ತು.

"ಬ್ಯಾಡ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ್ರಿ. ನನ್ನವು ಹೋಗಿದ್ದೇ ಸಾಕು. ನಿಮ್ಮವಾದ್ರೂ ಇರ್ಲಿ."

ಮುದ್ದಪ್ಪ ಆ ಕೈ ಸರಿಸಿದ. "ಹಂಗಲ್ಲ ಕಣವ್ವ. ನಾವು ಹೇಳದೆ ಇದ್ದಿದ್ದಕ್ಕೇ..."

"ಹೇಳದೆ ಇದ್ದಿದ್ದಕ್ಕೇ ಉಳಿದವೆ," ಎಂದಳು ಚಿತ್ತಮ್ಮ, ಕಣ್ಣೀರು ಸುರಿಸುತ್ತಾ, ಮಗುವಿಗೆ ಬುದ್ಧಿ ಹೇಳುವ ಹಾಗೆ. "ನಂಗೆ ಗೊತ್ತೈತೆ ಭಾವ. ನನ್ನ ಸಂಕಟ ನೋಡಲಾರದೆ ಇಷ್ಟು ದೊಡ್ಡ ಮಾತು ಹೇಳಾಕೆ ಬಂದೀರಿ. ನಿಮ್ಮ ಮಂದೇನೇ ಒಡ್ಡಾಕೆ ಬಂದೀರಿ. ನಿಮ್ಮಂಥೋರು ಯಾರವ್ರೆ? ಹೋಗ್ರಿ, ಬಿಸಿಲೇರ್ತೈತೆ, ಕುರಿ ಬಿಡೋ ಹೊತ್ತಾತು."

ಅವಳು ಕಣ್ಣೊರೆಸಿಕೊಂಡು, ಅವನ ಕಂಕುಳಲ್ಲಿದ್ದ ಮರಿಯನ್ನು ಮುಟ್ಟದೆ, ಅದರ ಕಡೆ ನೋಡದೆ, ಕುಡುಗೋಲು ತೆಗೆದುಕೊಂಡು ಹೊಲದ ದಾರಿ ಹಿಡಿದಳು. ಮುದ್ದಪ್ಪ ಮರಿಯನ್ನು ಎತ್ತಿಕೊಂಡು ಮನೆಗೆ ಬಂದು ಮಂದೆಯೊಳಗೆ ಬಿಟ್ಟ.